ದೊಡ್ಡ ಪೆಟ್ಟಿಗೆ, ಸಣ್ಣ ಪೆಟ್ಟಿಗೆ

ಮಸ್ಕಿ
ತಾ. ೪-೩-೧೯೮೯

ಪ್ರೀತಿಯ ಮಗ ರಹಮಾನನಿಗೆ,

ನಿನ್ನ ಅವ್ವ ಮಾಡುವ ದುವಾ. ದಮ್ಮಾಮಿನ ಬಿಸಿಲು ಹೇಗಿದೆ, ಬೆನ್ನುನೋವು ಇಳಿಯಿತೇ, ಊಟಕ್ಕೆ ಮಜ್ಜಿಗೆ ಸಿಗುತ್ತದೆಯೇ? ಇಲ್ಲಿ ಎಲ್ಲರೂ ಆರಾಮ. ನಿನ್ನ ಶಾಕೀರಾ ಕೂಸಿಗೆ ಎಣ್ಣೆ ಹಚ್ಚುತ್ತಾ ಕೂತಿದ್ದಾಳೆ. ನಿನ್ನ ಹೆಸರು ಬಂದಾಗಲೆಲ್ಲ ಅವಳ ಕೈ ನಿಲ್ಲುತ್ತದೆ, ನಾನು ನೋಡದವಳಂತೆ ಬರೆಯುತ್ತೇನೆ. ನಿಮ್ಮಪ್ಪ ಎದುರಿಗೇ ಹತ್ತಿ ಹಿಂಜುವ ಕಮಾನಿಗೆ ಹೊಸ ನರದ ಹುರಿ ಬಿಗಿಯುತ್ತಿದ್ದಾರೆ. ನಾನು ಬರೆದದ್ದು ಅವರು ಓದದೆ ಪೋಸ್ಟಿಗೆ ಹೋಗುವುದಿಲ್ಲ, ನಿನಗೆ ಗೊತ್ತೇ ಇದೆ.

ಹೋದ ಕ್ಯಾಸೆಟ್ಟಿನಲ್ಲಿ ಕೇಳಿದ್ದೆಯಲ್ಲ, ರಂಜಾನಿಗೆ ಬರುವಾಗ ಸ್ಪೀಕರ್ ದೊಡ್ಡವು ತರಲೋ ಸಣ್ಣವು ತರಲೋ, ನನ್ನ ಮಾತು ಅಪ್ಪನಿಗೆ ಹಿತವಾಗಿ ಕೇಳಿದರೆ ಸಾಕು ಎಂದು. ಅಂದಿನಿಂದ ಮನೆಯಲ್ಲಿ ಪಂಚಾಯ್ತಿ ನಡೆದಿದೆ. ಶಾಕೀರಾ ಸಣ್ಣವುಗಳ ಕಡೆ. ಲಿಂಗಸುಗೂರಿನಲ್ಲಿ ಅವಳ ಅಣ್ಣ ಜಿಲಾನಿಸಾಬನ ರೇಡಿಯೋ ಅಂಗಡಿಯಲ್ಲಿ ಕೇಳಿ ಬಂದಿದ್ದಾಳೆ. ಗೂಡಿನಲ್ಲಿ ಕೂರುತ್ತವೆ, ಮಾತು ಮಣಿ ಪೋಣಿಸಿದ ಹಾಗೆ ಒಂದೊಂದಾಗಿ ಕೇಳುತ್ತದೆ, ನಮ್ಮೂರ ಮಂಕು ಕರೆಂಟಿಗೂ ಒಗ್ಗುತ್ತವೆ. ಅವಳು ಹೇಳುವುದು ಸುಳ್ಳಲ್ಲ. ದೊಡ್ಡವು ಅಂದರೆ ಇಬ್ಬರು ನೆಂಟರು ಬಂದು ನಿಂತ ಹಾಗೆ. ಕೂರುವುದೂ ಇಲ್ಲ, ಹೋಗುವುದೂ ಇಲ್ಲ. ಜೋಳದ ಚೀಲ ಎಲ್ಲಿಡಬೇಕು? ಪೆಟ್ಟಿಗೆಯ ಮುಂದೆ ಬಿಗಿದ ಬಟ್ಟೆಯನ್ನು ಇಲಿ ಬಿಟ್ಟೀತೇ? ಅವುಗಳ ಸದ್ದಿಗೆ ತಲೆಯ ಮೇಲಿನ ತಗಡು ಬೇರೆ ಗಡಗಡ ಅನ್ನುತ್ತದೆ. "ನಿಮ್ಮ ಹತ್ತಿ ಧೂಳಿಗೆ ಆ ಪೆಟಗಿಗೂ ಕೆಮ್ಮು ಹತ್ತತೈತಿ ನೋಡು" ಎಂದು ಪಕ್ಕದ ಮನೆಯ ತಿಮ್ಮವ್ವ ನಗುತ್ತಾಳೆ. ನಿಮ್ಮಪ್ಪನನ್ನು ಕೇಳಿದರೆ ತಲೆಯಾಡಿಸಿ, "ಎರಡೂ ಛಲೋ ಅದಾವ" ಅನ್ನುತ್ತಾರೆ. ಯಾರ ಮನಸ್ಸನ್ನೂ ನೋಯಿಸದ ಜೀವ.

ಈಗ ಕಥೆಗೆ ಬರುತ್ತೇನೆ. ಹೋದ ವಾರ ಸಿಂಧನೂರಿನ ಅಕ್ಕಿ ಗಿರಣಿಯವರ ಮನೆಗೆ, ಮಗಳ ಮದುವೆಯ ಗಾದಿ ಮಾಡಿಕೊಡಲು ನಾವಿಬ್ಬರೂ ಹೋಗಿದ್ದೆವು. ಅಂಗಳದಲ್ಲಿ ನಿಮ್ಮಪ್ಪ ಕಮಾನು ಬಾರಿಸಿದಂತೆಲ್ಲ ಹತ್ತಿ ಎದ್ದು ತೇಲುತ್ತಿತ್ತು. ಬಿಸಿಲು ಅದರೊಳಗೆ ಸಿಕ್ಕಿಕೊಂಡು, ಮೋಡವೊಂದು ದಾರಿ ತಪ್ಪಿ ಇಳಿದು ನಮ್ಮನ್ನೂ ಎತ್ತಿಕೊಂಡು ಹೊರಟಿದೆ ಅನ್ನಿಸುತ್ತಿತ್ತು. ಕಾಲುವೆಯ ಕಡೆಯಿಂದ ಭತ್ತದ ಗದ್ದೆಯ ಹಸಿ ವಾಸನೆ ಬರುತ್ತಿತ್ತು. ಆ ಮನೆಯೊಡತಿ ಕನಕಮ್ಮನ ಪಡಸಾಲೆಯಲ್ಲಿ ಮುಂಬಯಿಯಿಂದ ತಂದ ಎರಡು ಪೆಟ್ಟಿಗೆಗಳು ನಿಂತಿದ್ದವು, ನನ್ನ ಎದೆಯೆತ್ತರ, ಸಾಗವಾನಿ ಬಣ್ಣ. ಉಂಡ ಮೇಲೆ ಆಕೆ, "ಯಕ್ಕಾ, ಮಗನ ಕ್ಯಾಸೆಟ್ ಚೀಲದಾಗ ಇಟಗೊಂಡು ತಿರಗತಿಯಲ್ಲಾ, ಹಾಕು ಬೇ, ನಾವೂ ಕೇಳತೀವಿ" ಅಂದಳು.

ನಿನ್ನ ದನಿ ಬಂತು, ಮಗನೇ. ನಮ್ಮ ಟೇಪಿನಲ್ಲಿ ನೀನು ಡಬ್ಬಿಯೊಳಗೆ ಕೂತು ಮಾತಾಡುತ್ತೀ. ಅಲ್ಲಿ ಬಾಗಿಲ ಹಿಂದೆ ಚಪ್ಪಲಿ ಬಿಡುತ್ತಾ ಮಾತಾಡಿದಂತಿತ್ತು. ದೊಡ್ಡ ಪೆಟ್ಟಿಗೆಯ ಗುಣವೂ ಅದೇ, ದೋಷವೂ ಅದೇ. ಆರಾಮ ಇದ್ದೀನಿ ಅಂದ ಮೇಲೆ ನೀನು ನುಂಗಿದ ಉಗುಳೂ ಕೇಳಿಸಿತು. ಅಷ್ಟರಲ್ಲಿ ನೀರಿಗೆಂದು ಒಳಗೆ ಬಂದ ನಿಮ್ಮಪ್ಪ ಪೆಟ್ಟಿಗೆಯ ಮೇಲೆ ಅಂಗೈ ಊರಿ ನಿಂತರು. ಪ್ರತಿ ಕ್ಯಾಸೆಟ್ಟಿನ ಕೊನೆಗೆ ನೀನು ಮಂಚ ಬಡಿಯುತ್ತೀಯಲ್ಲ, ಚಿಕ್ಕವನಿದ್ದಾಗ ಅಪ್ಪನ ಕಮಾನಿನ ತಾಳ ಹಿಡಿಯುತ್ತಿದ್ದ ಹಾಗೆ, ಅದು ಬಂದದ್ದೇ ತಡ ಅವರು ನಕ್ಕುಬಿಟ್ಟರು. ಗಡ್ಡದಲ್ಲಿದ್ದ ಹತ್ತಿ ಉದುರಿತು. "ಲೇ ಗುಲ್ಷನ್, ಇವ ನನ್ನ ಕಮಾನ ಬಾರಸಾಕತ್ತಾನ. ಕಳ್ಳ, ಕೊನೀ ಪೆಟ್ಟು ಇನ್ನಾ ತಪ್ಪತಾನ" ಅಂದರು. ಕ್ಯಾಸೆಟ್ ಮುಗಿದರೂ ಕೈ ಅಲ್ಲೇ ಇತ್ತು. ಕನಕಮ್ಮ ಅದನ್ನು ತಿರುಗಿಸಿ ಮತ್ತೆ ಹಾಕಿದಳು.

ಇಷ್ಟು ಕಥೆ. ಎರಡನ್ನೂ ತೂಗಿ ನೋಡು. ತಿಮ್ಮವ್ವ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಕೂಸು ಈ ಕಾಗದದ ಮೂಲೆಯನ್ನು ಚೀಪಿದೆ, ಅದನ್ನೇ ಮುತ್ತು ಅಂದುಕೋ. ನೀನು ನಡೆವ ದಾರಿಯಲ್ಲೆಲ್ಲ ಅಲ್ಲಾಹು ನೆರಳು ಹಾಸಲಿ.

ನಿನ್ನ ಅವ್ವ
ಗುಲ್ಷನ್‌ಬೀ

ತಾ.ಕ.: ಪೋಸ್ಟಾಫೀಸಿನ ಕಟ್ಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಅಪ್ಪ ಓದಿಯಾಯಿತು, ಇದನ್ನು ಓದುವುದಿಲ್ಲ. ಎರಡು ವರ್ಷದಿಂದ ಅವರಿಗೆ ಕಿವಿ ಕೇಳುವುದಿಲ್ಲ, ರಹಮಾನ್. ನಾನು ನಕ್ಕರೆ ನಗುತ್ತಾರೆ, ನಾನು ಕಣ್ಣೊರೆಸಿಕೊಂಡರೆ ತಲೆ ತಗ್ಗಿಸುತ್ತಾರೆ. ನಿನ್ನ ಕ್ಯಾಸೆಟ್ಟುಗಳನ್ನೆಲ್ಲ ಅವರು ನನ್ನ ಮುಖದಲ್ಲೇ ಕೇಳಿದ್ದು. ನನಗಿದು ಗೊತ್ತೆಂದು ಅವರಿಗೆ ಗೊತ್ತಿಲ್ಲ, ನೀನೂ ಗೊತ್ತಿಲ್ಲದವನಂತಿರು. ಸಿಂಧನೂರಿನಲ್ಲಿ ಮಾತ್ರ, ಆ ಪೆಟ್ಟಿಗೆಯ ಅದುರು ಅಂಗೈಗೆ ಬಂದಾಗ, ಅವರು ನನಗಿಂತ ಮೊದಲು ನಕ್ಕರು. ದೊಡ್ಡದನ್ನೇ ತಾ. ಜೋಳದ ಚೀಲವನ್ನು ನನ್ನ ತಲೆದೆಸೆಗೆ ಇಟ್ಟುಕೊಳ್ಳುತ್ತೇನೆ. ಆಮೇಲಿನ ಕ್ಯಾಸೆಟ್ಟುಗಳಲ್ಲಿ ಮಾತು ಕಡಿಮೆ ಮಾಡಿ ಮಂಚ ಬಡಿ. ಕೊನೆಯ ಪೆಟ್ಟು ಮಾತ್ರ ತಪ್ಪುತ್ತಲೇ ಇರು.