ಹೆಸರಿಲ್ಲದ ಐದನೆಯ ವಿಮಾನ

ಆಸ್ಬಿ ಫೆನ್, ಲಿಂಕನ್‌ಶೈರ್
ಸೋಮವಾರ, 4 ಸೆಪ್ಟೆಂಬರ್ 1961

ಮಾನ್ಯರೂ ಪೂಜ್ಯರೂ ನಮ್ಮ ವಂಶದಲ್ಲೇ ಅತ್ಯುನ್ನತರೂ ಆದ ವಿನ್ನಿ ಅತ್ತೆಯವರ ಸನ್ನಿಧಿಗೆ,

ಉಭಯ ಕುಶಲೋಪರಿ ಎಂದು ಶುರು ಮಾಡುವಂತಿಲ್ಲ. ಉಭಯರಲ್ಲಿ ಯಾರೂ ಕುಶಲವಾಗಿಲ್ಲ ಎಂಬುದು ನಿಮ್ಮಪ್ಪನನ್ನು, ಅಂದರೆ ನನ್ನ ಅಜ್ಜನನ್ನು, ಮಣ್ಣು ಮಾಡಿದ ದಿನ ಚರ್ಚಿನಲ್ಲೇ ಗೊತ್ತಾಯಿತು. ನೀವು ಕೊನೆಯ ಸಾಲಿನ ಕಂಬದ ಹಿಂದೆ ನಿಂತಿದ್ದಿರಿ. ಅತ್ತೆ, ನಿಮ್ಮಷ್ಟು ಎತ್ತರದವರು ಅಡಗಲು ಕಂಬ ಸಾಲದು, ಗಂಟೆ ಗೋಪುರವೇ ಬೇಕು. ನಿಮ್ಮ ಟೋಪಿ ಕಂಡಿತು. ಅಪ್ಪನಿಗೆ ಹೇಳಲಿಲ್ಲ. ಹ್ಯಾಮ್ ಸ್ಯಾಂಡ್‌ವಿಚ್ ಹಂಚುವ ಹೊತ್ತಿಗೆ ನೀವಿರಲಿಲ್ಲ. ನಿಮ್ಮ ಪಾಲನ್ನೂ ನಾನೇ ತಿಂದೆ. ಒಟ್ಟು ಎಷ್ಟು ತಿಂದೆ ಎಂಬುದನ್ನು ಇತಿಹಾಸ ದಾಖಲಿಸಬೇಕಾಗಿಲ್ಲ.

ಇತಿಹಾಸ ಎಂದೆನಲ್ಲ, ಈ ಪತ್ರದ ಘನ ಉದ್ದೇಶವೇ ಅದು. ಅಜ್ಜನ ಕಾಪ್ಲಿ ವಿಮಾನ ಕಾರ್ಖಾನೆಗೆ ಬೀಗ ಬಿದ್ದಿದೆ. ಶೆಡ್ಡುಗಳನ್ನು ಕೊಂಡವರು ಟ್ರ್ಯಾಕ್ಟರ್ ಗಾಡಿ ಮಾಡುವವರು. ಅವರಿಗೆ ಬೇಕಾದ್ದು ಚಾವಣಿ, ನಮ್ಮ ಮರಗೆಲಸವಲ್ಲ. ಬರುವ ಶನಿವಾರ ಒಳಗಿನ ಮರವನ್ನೆಲ್ಲ ಅಂಗಳಕ್ಕೆ ಎಳೆದು ಬೆಂಕಿ ಇಡುತ್ತಾರಂತೆ. ಅದರಲ್ಲಿ ಅಜ್ಜನ ಐದನೆಯ ವಿಮಾನವೂ ಇದೆ. ಅಷ್ಟರೊಳಗೆ ನೀವು ಬಂದು ಅದರಲ್ಲಿ ಒಂದು ಸಲ ಕೂರಬೇಕು. ನನ್ನ ಬೇಡಿಕೆ ಇಷ್ಟೇ. ಮುಂದಿನದನ್ನು ಓದದೆ ಮಡಚಿಡಬಹುದು. ಆದರೆ ನೀವು ಓದುತ್ತೀರಿ, ನಿಮ್ಮ ಮೂಗು ನನಗೆ ಗೊತ್ತು. ನನ್ನದೂ ಅದೇ ಮೂಗು.

ಅಜ್ಜ ಮೊದಲ ವಿಮಾನ ಮಾಡಹೊರಟಾಗ ಅದನ್ನು ಹಾರಿಸುವ ಧೈರ್ಯ ಇದ್ದದ್ದು ಅಜ್ಜನಿಗಲ್ಲ, ಐಡಾ ಅಜ್ಜಿಗೆ. ಅಜ್ಜ ಅವಳನ್ನು ನಕ್ಷೆ ಕೋಣೆಯ ಗೋಡೆಗೆ ಭುಜ ತಾಗುವಂತೆ ಅಡುಗೆಮನೆಯ ಕುರ್ಚಿಯಲ್ಲಿ ಪಕ್ಕಕ್ಕೆ ತಿರುಗಿಸಿ ಕೂರಿಸಿ, ಬಡಗಿಯ ಪೆನ್ಸಿಲಿನಿಂದ ಸುತ್ತ ಗೆರೆ ಎಳೆದ: ತಲೆ, ಬೆನ್ನು, ಮೊಣಕಾಲು, ಪಾದ. ಆಮೇಲೆ ಆ ಗೆರೆಯ ಸುತ್ತ ವಿಮಾನ ಕಟ್ಟಿದ. ಬೇರೆಯವರು ರೆಕ್ಕೆಯಿಂದ ಶುರು ಮಾಡುತ್ತಾರೆ, ನಮ್ಮವನು ಹೆಂಡತಿಯಿಂದ. ಯಾರ ಅಳತೆಗೆ ಸೀಟೋ ಹೆಸರಿಡುವ ಹಕ್ಕು ಅವರದೇ ಎಂದು ಆಗಲೇ ಕಾನೂನಾಯಿತು. ಅಜ್ಜಿ ಆ ಹೊತ್ತಿಗೆ ಬೆಣ್ಣೆ ಸುರಿಯುವ ಕ್ರಂಪೆಟ್ ತಿನ್ನುತ್ತಿದ್ದಳು. ಹಾಗಾಗಿ ಮೇಲೊಂದು ಕೆಳಗೊಂದು ರೆಕ್ಕೆಯ ನಮ್ಮ ಮೊದಲ ವಿಮಾನ ‘ಕ್ರಂಪೆಟ್’ ಆಯಿತು.

ಅಲ್ಲಿಂದ ಮುಂದೆ ಎಲ್ಲವೂ ಚಹಾದ ಜೊತೆಯ ತಿಂಡಿಗಳೇ: ಎರಡನೆಯದು ‘ಮಫಿನ್’. ಒಂದೇ ರೆಕ್ಕೆ; ಅದನ್ನು ಹಿಂದಕ್ಕೆ ಮಡಚಿ, ಕಾರಿಗೆ ಕಟ್ಟಿ ಎಳೆದು ದನದ ಕೊಟ್ಟಿಗೆಯಲ್ಲಿ ನಿಲ್ಲಿಸಬಹುದಿತ್ತು. ಮೂರನೆಯ ‘ಟೀಕೇಕ್’ ಅನ್ನು ಯುದ್ಧ ಬಂದಾಗ ಸೈನ್ಯ ಕೊಂಡಿತು. ಒಬ್ಬ ಅಧಿಕಾರಿ ಮೀಸೆ ನಡುಗಿಸುತ್ತ ಬಂದು, “ನಾನು ಟೀಕೇಕಲ್ಲಿ ಯುದ್ಧಕ್ಕೆ ಹೋಗಿದ್ದೆ ಅಂತ ಮೊಮ್ಮಕ್ಕಳಿಗೆ ಹೆಂಗ್ರೀ ಹೇಳ್ಲಿ?” ಎಂದನಂತೆ. ಅಜ್ಜ ನಕ್ಷೆಯಿಂದ ತಲೆ ಎತ್ತದೆ, “ನಡ್ಕೊಂಡು ಹೋಗಿದ್ದೆ ಅಂತ ಹೇಳಿ” ಎಂದ.

ಆ ಚಳಿಗಾಲದಲ್ಲೇ ಅಜ್ಜಿ ನ್ಯುಮೋನಿಯಾದಲ್ಲಿ ಹೋದಳು. ನೀವಾಗ ಹುಡುಗಿ. ಪ್ರತಿ ವಸಂತದಲ್ಲಿ ನಕ್ಷೆ ಕೋಣೆಗೆ ಸುಣ್ಣ ಬಳಿದರೂ ಗೆರೆಯಿದ್ದ ಜಾಗವನ್ನು ಮಾತ್ರ ಬಿಟ್ಟು ಬಳಿಯುತ್ತಿದ್ದರು. ಯುದ್ಧ ಮುಗಿದ ಮೇಲೆ ನಾಲ್ಕನೆಯದಾದ ‘ಸ್ಕೋನ್’ ಬಂತು. ಅಜ್ಜಿ ಮೊದಲೇ ಹೇಳಿಟ್ಟಿದ್ದ ಹೆಸರು, ಅಜ್ಜಿಯದೇ ಗೆರೆ. ಸತ್ತು ಹೋದವಳ ಮೊಣಕಾಲಿಗೆ ತಾಗದಂತೆ ಸೀಟು. ಇತರರ ಮೊಣಕಾಲು ಗಲ್ಲಕ್ಕೆ ತಾಗಿತು. ಲಿಂಕನ್ನಿನ ಕಸಾಯಿಯೊಬ್ಬ ನೋಡಲು ಬಂದು ಒಳಗೇ ಸಿಕ್ಕಿಹಾಕಿಕೊಂಡ. ಬಡಗಿ ಜಾರ್ವಿಸ್ ಮಾಮ ಅವನ ತೋಳು ಹಿಡಿದೆಳೆಯುತ್ತ, “ಸ್ವಲ್ಪ ಬಾತುಕೋಳಿ ಕೊಬ್ಬು ಹಚ್ಚೋಣ್ವಾ ಯಜಮಾನ್ರೇ?” ಎಂದು ಕೇಳಿದರು. ಅಜ್ಜನದು ಒಂದೇ ಮಾತು: “ವಿಮಾನ ಸರಿಯಾಗೇ ಇದೆ. ಅವನು ಊಟ ಕಮ್ಮಿ ಮಾಡ್ಲಿ.” ಅಷ್ಟರಲ್ಲಿ ಅಮೆರಿಕದಿಂದ ಸೋಫಾದಂಥ ಸೀಟಿನ ವಿಮಾನಗಳು ಬಂದವು. ಕಸಾಯಿ ಅದನ್ನೇ ಕೊಂಡ. ಎಲ್ಲರೂ ಅದನ್ನೇ ಕೊಂಡರು.

ಇನ್ನು ನಿಮ್ಮ ಅಧ್ಯಾಯ. ಇದನ್ನು ಅಪ್ಪ ಹೇಳಿದ್ದು. ತಪ್ಪಿದ್ದರೆ ಬಂದು ತಿದ್ದಿ.

ಹದಿನಾರರಲ್ಲಿ ನೀವು ಒಂದು ದಿನ ಅಮ್ಮನ ಗೆರೆಗೆ ಒರಗಿ ಅದೇ ಕುರ್ಚಿಯಲ್ಲಿ ಕೂತಿರಿ. ತಲೆ ಗೆರೆಯ ಮೇಲೆ ಹೋಯಿತು, ಮೊಣಕಾಲು ಗೆರೆಯಾಚೆ. ಒಳಗೆ ಬಂದ ಅಜ್ಜ, “ಏಳೇ, ಗೋಡೆ ಕೆಡಿಸ್ಬೇಡ” ಎಂದ. ನೀವು ಎದ್ದಿರಿ. ಅಂದಿನಿಂದಲೇ ಬೆನ್ನು ಬಗ್ಗಿಸಿ ನಡೆಯತೊಡಗಿದಿರಿ ಎನ್ನುತ್ತಾನೆ ಅಪ್ಪ. ಮುಂದೆ ಕಾರ್ಖಾನೆಯಲ್ಲೇ ನಕ್ಷೆ ಬರೆಯಲು ಸೇರಿ, ಸ್ಕೋನಿಗೆ ಅಗಲದ ಸೀಟು ಬರೆದು ತಂದಿರಿ. ಅಜ್ಜ ಅದನ್ನು ಸುರುಳಿ ಸುತ್ತಿ ವಾಪಸು ಕೊಟ್ಟ. “ಹೋಗು, ಆ ಹಂಸತೂಲಿಕಾತಲ್ಪ ಮಾಡೋರ ಹತ್ರ ಹೋಗು” ಎಂದ. ನೀವು, “ಹೋಗ್ತೀನಿ. ಅಲ್ಲಾದ್ರೂ ನನ್ನ ಕಾಲಿಗೆ ಜಾಗ ಇದೆ” ಎಂದು ನಿಜವಾಗಿಯೂ ಹೋಗಿಬಿಟ್ಟಿರಿ, ಆ ಅಮೆರಿಕದವರ ಕಂಪನಿಯಿದ್ದ ಬೆಡ್‌ಫರ್ಡಿಗೆ. ರೈಲಿನಲ್ಲಿ ಒಂದು ಮಧ್ಯಾಹ್ನದ ದಾರಿ. ನೀವಿಬ್ಬರೂ ಅದನ್ನು ಸಮುದ್ರ ಮಾಡಿಕೊಂಡಿರಿ.

ನಾನೋ ಅಜ್ಜಿಯ ಪಡಿಯಚ್ಚು ಕುಳ್ಳಿ. ಆ ಗೆರೆಯೊಳಗೆ ಕೂದಲೆಳೆ ಆಚೀಚೆಯಾಗದೆ ಕೂರುತ್ತಿದ್ದೆ. ನಿಮಗೆ ಕೇಳಿದರೂ ಸಿಗದ ಜಾಗ ನನಗೆ ಕೇಳದೆಯೇ ಸಿಕ್ಕಿತು. ಇದಕ್ಕೆ ತಮಾಷೆ ಹುಡುಕಿದೆ, ಸಿಗಲಿಲ್ಲ.

ಕಳೆದ ವರ್ಷ ಅಜ್ಜ ಇದ್ದಕ್ಕಿದ್ದಂತೆ ಐದನೆಯದಕ್ಕೆ ಕೈ ಹಾಕಿದ. ಕೈ ನಡುಗುತ್ತಿತ್ತು, ಅವನು ಹೇಳುತ್ತಿದ್ದ, ನಾನು ಗೆರೆ ಎಳೆಯುತ್ತಿದ್ದೆ. ಮೊದಲ ದಿನವೇ, “ಊರಲ್ಲಿ ಉದ್ದ ಇರೋರು ಯಾರಿದಾರೆ? ಕರ್ಕೊಂಡ್ ಬಾ” ಎಂದ. ಕೊನೆಗೂ ಬುದ್ಧಿ ಬಂತು, ಗಿರಾಕಿಗಳು ನೆನಪಾದರು ಎಂದು ಅಪ್ಪ ಕಣ್ಣೊರೆಸಿಕೊಂಡ. ನಾನು ಶಾಲೆಯ ಮಿಸ್ ಆರ್ಮರಾಡ್ ಅವರನ್ನು ಕರೆತಂದೆ. ಅಜ್ಜ ನೋಡಿ, “ಚೆನ್ನಾಗಿದೀರಮ್ಮ, ಆದ್ರೆ ಕಾಲು ಸಾಲ್ದು” ಎಂದು ಚಹಾ ಕೊಟ್ಟು ಕಳಿಸಿದ. ಆಮೇಲೆ ಪೊಲೀಸ್ ಡಾಬ್ಸನ್‌ನನ್ನು ಹಿಡಿದು ತಂದೆ. ಕಾರ್ಖಾನೆಯಲ್ಲಿ ಕಳ್ಳತನವಾಗಿದೆ ಎಂದು ಹೇಳಿದ್ದೆ. ಪಾಪ, ಟೋಪಿ ಸರಿಮಾಡಿಕೊಂಡು ಗಂಭೀರವಾಗಿ ಬಂದ.

ಅವನನ್ನು ಅದೇ ಕುರ್ಚಿಯಲ್ಲಿ, ಅದೇ ಗೋಡೆಗೆ ಕೂರಿಸಿದ ಅಜ್ಜ.

“ಏನ್ ಕಳ್ಳತನ ಆಗಿದೆ ಸಾರ್?” ಎಂದ ಡಾಬ್ಸನ್.

“ಸುಮ್ನೆ ಕೂತ್ಕೊಳ್ಳಪ್ಪ. ಭುಜ ಸ್ವಲ್ಪ ಬಗ್ಗಿಸು.”

“ಹೆಂಗೆ?”

“ಉದ್ದ ಇರೋದಕ್ಕೆ ನಾಚ್ಕೊಳ್ಳೋರ ಥರ.”

ಡಾಬ್ಸನ್ ಬಗ್ಗಿದ. ಅಜ್ಜ ತುಂಬ ಹೊತ್ತು ನೋಡಿದ. ಆಮೇಲೆ, “ಬೇಡ ಬೇಡ. ನೆಟ್ಟಗೆ ಕೂತ್ಕೋ. ತಲೆ ಮೇಲೆ ಇನ್ನೂ ಜಾಗ ಕೊಡೋಣ. ನೆಟ್ಟಗೆ ಕೂತ್ರೂ ತಾಗ್ಬಾರ್ದು” ಎಂದ. ಪೆನ್ಸಿಲ್ಲನ್ನು ನನ್ನ ಕೈಗೆ ಕೊಡಲಿಲ್ಲ. ನಡುಗುವ ಕೈಯಲ್ಲಿ ತಾನೇ ಗೆರೆ ಎಳೆದ, ಅಜ್ಜಿಯ ಗೆರೆಯ ಮೇಲೇ. ಗೋಡೆ ಕೆಡಿಸಬೇಡ ಎಂದ ಮನುಷ್ಯನೇ ಗೋಡೆ ಕೆಡಿಸಿದ. ದೂರ ನಿಂತು ನೋಡಿದರೆ ಪುಟ್ಟ ಅಜ್ಜಿ ಯಾರದೋ ದೊಡ್ಡ ಮಡಿಲಲ್ಲಿ ಕೂತ ಹಾಗೆ ಕಾಣುತ್ತಿತ್ತು.

“ಇದಕ್ಕೇನು ಹೆಸರಪ್ಪ? ‘ಬನ್’ ಅಂತಲಾ?” ಎಂದು ಅಪ್ಪ ಕೇಳಿದಾಗ, “ಹೆಸರಿಡೋ ಹಕ್ಕು ನಂದಲ್ಲ” ಎಂದ. ಡಾಬ್ಸನ್ನದೋ ಎಂದು ನಾನು ಕೇಳಿದೆ. ನನ್ನ ತಲೆಗೆ ಮೊಟಕಿದ. ಅಷ್ಟೇ. ನಿಮ್ಮ ಹೆಸರನ್ನು ಕೊನೆಯವರೆಗೂ ಹೇಳಲಿಲ್ಲ. ಕರೆಸಲೇ ಎಂದರೆ, “ರೆಕ್ಕೆಗೆ, ಮೈಗೆ ಬಟ್ಟೆ ಹೊದಿಸಿ ಮುಗೀಲಿ, ಆಮೇಲೆ” ಎನ್ನುತ್ತಿದ್ದ. ಬಟ್ಟೆ ಹೊದಿಸುವ ಮೊದಲೇ ಆಗಸ್ಟ್ ಬಂತು, ಅವನು ಹೋದ.

ಆದ್ದರಿಂದ ಅತ್ತೆ, ಬನ್ನಿ. ಬರಿಯ ಮರದ ಅಸ್ಥಿಪಂಜರ ಆ ವಿಮಾನ. ಹಾರುವುದಿಲ್ಲ. ಆದರೂ ಒಂದು ಸಲ ಕೂತು, ಏನಾದರೊಂದು ಹೆಸರಿಡಿ. ತಿನ್ನುವ ವಸ್ತುವೇ ಆಗಿರಬೇಕೆಂದಿಲ್ಲ.

ಇತಿ, ಕಾಪ್ಲಿ ಕಾರ್ಖಾನೆಯ ಆಸ್ಥಾನ ಇತಿಹಾಸಕಾರಳೂ ನಿಮ್ಮ ಒಬ್ಬಳೇ ಸೊಸೆಯೂ ಆದ
ಪ್ರೂಡೆನ್ಸ್

ತಾ.ಕ.: ಶನಿವಾರ ಎಂದದ್ದು ಸುಳ್ಳು. ಗಡುವಿಲ್ಲದೆ ನಮ್ಮ ಮನೆಯವರು ಕುರ್ಚಿಯಿಂದ ಏಳುವುದಿಲ್ಲ. ಹೋದ ಶನಿವಾರವೇ ಬೆಂಕಿ ಇಟ್ಟಾಯಿತು. ಆದರೆ ಉರಿದದ್ದು ಹಳೆಯ ಟೀಕೇಕಿನ ರೆಕ್ಕೆಗಳು. ಐದನೆಯದು ಅದರ ಹಿಂದಿನ ದಿನವೇ ಜಾರ್ವಿಸ್ ಮಾಮನ ಹುಲ್ಲಿನ ಕೊಟ್ಟಿಗೆ ಸೇರಿತ್ತು. ಡಾಬ್ಸನ್ನೇ ಒಂದು ಬದಿ ಹೊತ್ತ. ಗೋಡೆಯನ್ನು ಮಾತ್ರ ಹೊರಲಾಗಲಿಲ್ಲ. ಅದಕ್ಕೆ ಸುಣ್ಣ ಬಳಿದರು, ಈ ಸಲ ಪೂರ್ತಿ. ಇನ್ನು ಆ ಗೆರೆ ಉಳಿದಿರುವುದು ಆ ಸೀಟಿನಲ್ಲಷ್ಟೇ. ನಾನು ಎರಡು ದಿಂಬು ಇಟ್ಟು ಕೂತು ನೋಡಿದೆ. ಪೆಡಲಿಗೆ ನನ್ನ ಕಾಲು ಎಟುಕಲೇ ಇಲ್ಲ.