ವಿಲೈ ಕಡೆಯ ಹಾಡು

ಖೋನ್ ಕೇನ್, ಮಾರ್ಚ್ ೧೪, ಗುರುವಾರ

ಹೆಂಡತಿ ವಿಲೈ ತೀರಿಹೋದ ಮೇಲೆ ಪಿಕಪ್‌ನೊಳಗಿನ ಮೌನ ತಡೆಯಲಾಗುತ್ತಿರಲಿಲ್ಲ. ಗಾಡಿಯ ಜೊತೆಗೇ ಬಂದಿದ್ದ ಸ್ಟೀರಿಯೊಗೆ ಇವತ್ತು ಆಂಪ್ಲಿಫೈಯರ್ ಹಾಕಿಸಿದೆ, ಸೀಟಿನ ಹಿಂದೆ ಸಬ್‌ವೂಫರ್. ಅಂಗಡಿಯ ಸೋಮ್‌ನುಕ್ ಬ್ಯಾಟರಿ ತಂತಿ ಬಿಚ್ಚಿದ. ಅವಳು ಹೊಂದಿಸಿಟ್ಟಿದ್ದೆಲ್ಲ ಅಳಿಸಿಹೋಯಿತು.

“ದೊಡ್ಡಪ್ಪ, ದನಿಯೆಲ್ಲ ಎಡಗಡೆಗೇ ತಳ್ಳಿ ಇಟ್ಕೊಂಡಿದ್ರಲ್ಲ, ಕುತ್ತಿಗೆ ಸೊಟ್ಟಗಾಗ್ಲಿಲ್ವಾ? ಈಗ ಬ್ಯಾಲೆನ್ಸ್ ನಡುವಿಗೆ ಬಂತು ನೋಡಿ,” ಎಂದು ನಕ್ಕ.

ಎಡಗಡೆ ಕೂರುತ್ತಿದ್ದವಳು ಅವಳು. ತನ್ನ ಕಿವಿ ಮಂದವಾದಾಗ ತಾನೇ ಗುಂಡಿ ಒತ್ತಿ, “ನಿಮಗೆ ಹಾಡು ಯಾಕೆ, ನಾನಿದ್ದೀನಲ್ಲ,” ಎಂದು ಹಾಡನ್ನೆಲ್ಲ ತನ್ನ ಕಡೆಗೆ ಎಳೆದುಕೊಂಡಿದ್ದಳು.

ದಾರಿಯಲ್ಲಿ ಗಾಡಿ ನಿಲ್ಲಿಸಿ ದನಿಯನ್ನು ಮತ್ತೆ ಎಡಕ್ಕೇ ತಿರುಗಿಸಿದೆ. ಖಾಲಿ ಸೀಟು ಗುಮ್ಮೆಂದು ನಡುಗಿತು.

ಬ್ಯಾಲೆನ್ಸ್ ಅಂದರೆ ಸಮತೋಲ ಎಂದು ಕಾಲೇಜಿನಲ್ಲಿ ಕಲಿತ ನೆನಪು. ಉಳಿದದ್ದು ಎಂಬ ಅರ್ಥವೂ ಇತ್ತಲ್ಲವೇ? ಉಳಿದದ್ದು ನಾನು. ಹಾಗಾದರೆ ಈ ಎಡಗಡೆಯ ಹಾಡು ಯಾರಿಗೆ?