ಮಸಿ ಕಡಿಮೆ ಇದೆ

ನಡುಕೋಣೆ, ಅಮ್ಮನ ಮಂಚದ ಪಕ್ಕ
ಭಾನುವಾರ, ಮಧ್ಯಾಹ್ನ

ಪ್ರೀತಿಯ ಗಿರಗಿಟ್ಲೆ,

ಹೇಗಿದ್ದೀಯಮ್ಮಾ? ಕಾಲಿನ ಊತ ಇಳಿಯಿತೆ? ಬಿಸಿಲಲ್ಲಿ ನಿಂತು ಕಂಡವರ ಊರಿನ ರಸ್ತೆ ಅಳೆಯುವವಳು ಆಗಾಗ ನೆರಳನ್ನೂ ಅಳೆದು ಅದರೊಳಗೆ ಕೂತುಕೋ. ಇಲ್ಲಿ ನಾವೆಲ್ಲ ಇದ್ದೇವೆ. ‘ಚೆನ್ನಾಗಿ’ ಎಂದು ಸೇರಿಸಿದರೆ ಸುಮ್ಮನೆ ಮಸಿ ದಂಡ.

ಅಕ್ಷರ ಬೂದಿ ಬಣ್ಣಕ್ಕಿದೆ ಎಂದು ಗಾಬರಿಯಾಗಬೇಡ. ಮನೆಪಾಠದ ಮಕ್ಕಳ ಅಭ್ಯಾಸದ ಹಾಳೆಗಳಿಗೆಂದು ತಂದ ಪ್ರಿಂಟರ್ ಇದೆಯಲ್ಲ, ನಿನ್ನ ಅತ್ತಿಗೆ ಅದಕ್ಕೆ ‘ಮನೆಯಳಿಯ’ ಎಂದು ಹೆಸರಿಟ್ಟಿದ್ದಾಳೆ: “ಕೆಲಸ ಚೂರು, ಕುಡಿಯೋದು ಜೋರು!” ಆದರೆ ಈ ಅಳಿಯನನ್ನು ಪಳಗಿಸುವ ವಿದ್ಯೆ ನನಗೆ ಸಿದ್ಧಿಸಿದೆ. ಯಾವಾಗಲೂ ಡ್ರಾಫ್ಟ್‌ನಲ್ಲೇ ತೆಗೆಯಬೇಕು: ತಿಳಿ ಅಚ್ಚು, ಉಳಿತಾಯ ಹೆಚ್ಚು. ದಪ್ಪಕ್ಷರ ದುಂದು, ಸಣ್ಣಕ್ಷರ ಬಂಧು. ಆಗಾಗ ಒಂದು ಹಾಳೆಯನ್ನಾದರೂ ತೆಗೆಯುತ್ತಿರಬೇಕು, ಇಲ್ಲದಿದ್ದರೆ ಕಾರ್ಟ್ರಿಜ್‌ನ ಬಾಯಿ ಒಣಗಿ ಕಟ್ಟಿಕೊಳ್ಳುತ್ತದೆ. ಕಟ್ಟಿದರೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯನ್ನು ಮೆಲ್ಲಗೆ ಒತ್ತಬೇಕು. ಎಲ್ಲಕ್ಕಿಂತ ಮುಖ್ಯ, ‘ಮಸಿ ಕಡಿಮೆ ಇದೆ’ ಎಂದು ಪರದೆ ಬಡಕೊಂಡರೆ ನಂಬಬಾರದು. ಅದು ಮಾರುವವರ ಮೊಸಳೆ ಕಣ್ಣೀರು. ಹೊರತೆಗೆದು, ತೊಟ್ಟಿಲು ತೂಗಿದಂತೆ ಆಚೆ ಈಚೆ ವಾಲಿಸಿ ಕೂರಿಸಿದರಾಯಿತು. ಮುಗಿಯಿತೆಂದ ಮಸಿಯಲ್ಲೇ ಮಕ್ಕಳ ಒಂದು ಪೂರ್ತಿ ಪರೀಕ್ಷೆಯ ಪ್ರಶ್ನೆಪತ್ರಿಕೆ ತೆಗೆದು ಮುಗಿಸಿದ್ದೇನೆ.

ಮೊನ್ನೆ ಅಮ್ಮ ನಿನ್ನ ಮುಖ ನೋಡಬೇಕೆಂದಳು. ಫೋನಿನ ಬೆಳಕು ಕಣ್ಣಿಗೆ ಚುಚ್ಚುತ್ತದಂತೆ. “ಕೈಯಲ್ಲಿ ಹಿಡ್ಕೊಳೋ ಹಾಗಿರೋದು ಕೊಡೋ” ಎಂದಳು. ಟೋಪಿ ಹಾಕಿಕೊಂಡು ಅಳತೆಪಟ್ಟಿ ಹಿಡಿದು ನಗುತ್ತೀಯಲ್ಲ, ಆ ಫೋಟೊವನ್ನು ಪ್ರಿಂಟಿಗೆ ಹಾಕಿದೆ. ನನ್ನ ಜಾಣತನ ನೋಡು, ಕರಿ ಮಸಿಯ ಬಾಯಿ ಕಾಯುತ್ತಾ ಕೂತವನು, ಖರ್ಚಾದೀತೆಂದು ಬಣ್ಣದ ಕಾರ್ಟ್ರಿಜ್ ಮುಟ್ಟಿಯೇ ಇರಲಿಲ್ಲ. ಕೆಂಪೂ ಹಳದಿಯೂ ಒಳಗೇ ಒಣಗಿಹೋಗಿದ್ದವು. ಒರೆಸಿದೆ, ಒತ್ತಿದೆ, ತೊಟ್ಟಿಲೂ ತೂಗಿದೆ. ನೀನು ಅಡಿಯಿಂದ ಮುಡಿವರೆಗೆ ನೀಲಿಯಾಗಿಯೇ ಹೊರಬಂದೆ. ಅಮ್ಮ ಹಾಳೆಯನ್ನು ಎದೆಯ ಮೇಲಿಟ್ಟುಕೊಂಡು, “ಮಗೂಗೆ ಚಳಿ ಕಣೋ, ಹೇಗೆ ನೀಲಿಗಟ್ಟಿದಾಳೆ ನೋಡು” ಎಂದು ತನ್ನ ಹೊದಿಕೆಯ ಅಂಚನ್ನೇ ನಿನ್ನ ಮೇಲೆ ಎಳೆದಳು. ನಿನ್ನ ಅತ್ತಿಗೆ ನಕ್ಕುಬಿಟ್ಟಳು. ಆಮೇಲೆ ಅಡುಗೆಮನೆಗೆ ಹೋದವಳು ಹೊತ್ತಾದರೂ ಈಚೆ ಬರಲಿಲ್ಲ.

ಅತ್ತಿಗೆ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಅಮ್ಮನ ಆಶೀರ್ವಾದ ಆ ಹೊದಿಕೆಯ ಅಂಚಿನಲ್ಲಿದೆ, ತೆಗೆದುಕೋ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ,
ಪ್ರಾಸದ ಅಣ್ಣ

ತಾ.ಕ.: ಇದಿಷ್ಟು ಪೆನ್ನಿನಲ್ಲಿ. ಮೇಲಿನದೆಲ್ಲ ಬರೀ ಸುತ್ತುಬಳಸು. ಡಾಕ್ಟರು ಹೋದ ತಿಂಗಳೇ “ಮನೆಯವರನ್ನೆಲ್ಲ ಕರೆಸಿಕೊಳ್ಳಿ” ಎಂದಿದ್ದರು. ಇವರೂ ಪರದೆಯ ಹಾಗೆ ಮುಂಚೆಯೇ ಬಡಕೊಳ್ಳುತ್ತಾರೆ, ಒಳಗೆ ಇನ್ನೂ ಬೇಕಾದಷ್ಟಿದೆ ಎಂದು ನಾನೇ ತೀರ್ಮಾನಿಸಿದೆ. ಅದಕ್ಕೇ ನೀನು ಫೋನಿನಲ್ಲಿ ಕೇಳಿದಾಗಲೆಲ್ಲ ‘ಆರಾಮ’ ಎಂದೆ. ನಿನ್ನೆಯಿಂದ ಅಮ್ಮನಿಗೆ ನೀರೂ ಇಳಿಯುತ್ತಿಲ್ಲ. ಉಗುರುಬೆಚ್ಚಗಿನ ಬಟ್ಟೆಯನ್ನು ತುಟಿಗೆ ಒತ್ತುತ್ತಾ ಕೂತಿದ್ದೇನೆ. ಈ ಸಲದ ಎಚ್ಚರಿಕೆ ಸುಳ್ಳಲ್ಲ ಕಣೇ. ಅಂಚೆಗೆ ಹೊತ್ತಿಲ್ಲ, ಈ ಹಾಳೆಗಳ ಫೋಟೊ ತೆಗೆದು ಈಗಲೇ ಕಳಿಸುತ್ತೇನೆ. ಮಾತಾಡಲು ಹೋದರೆ ನನ್ನ ಬಾಯಿ ಕಟ್ಟುತ್ತದೆ. ನೀನು ಅಳೆದ ರಸ್ತೆಗಳಲ್ಲಿ ಮನೆಗೆ ಹತ್ತಿರದ್ದನ್ನು ಹಿಡಿದು ಬಂದುಬಿಡು. ಅಮ್ಮ ಕಣ್ಣು ಬಿಟ್ಟಾಗಲೆಲ್ಲ ಆ ನೀಲಿ ಮುಖವನ್ನು ಸವರಿ, ಕೇಳಿಸಿಯೂ ಕೇಳಿಸದ ಹಾಗೆ ಅನ್ನುತ್ತಾಳೆ, “ಬೆಚ್ಚಗಾಯ್ತಾ?”